‘ಹೇಗಿತ್ತು ಸಿನಿಮಾ?’ – ಅಂಕ ಕೊಡುವ ಮುನ್ನ



ಭಾನುವಾರದ ಬಲಿಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ನಿಂತು ಮಾತಾಡುವ ನಮ್ಮ ಯುವಕ ಯುವತಿಯರ ಕಡೆಗೆ ಎಂದಾದರೂ ಕಿವಿಗೊಟ್ಟಿದ್ದೀರಾ? “ಸೂಪರ್”, “ಬರೀ ಬೋರು”, “ಹತ್ತಕ್ಕೆ ಎಂಟು ಕೊಡಬಹುದು”, “ದುಡ್ಡು ದಂಡ”. ವಾರದಲ್ಲಿ ನೋಡಿದ ಸಿನಿಮಾಗಳಿಗೆ ಅಲ್ಲೇ ತೀರ್ಪು, ಅಲ್ಲೇ ಅಂಕ. ಹಿರಿಯರಾದ ನಾವೂ ಇದರಲ್ಲಿ ಹಿಂದೆ ಬಿದ್ದವರಲ್ಲ. ನಮ್ಮ ತೀರ್ಪು ಇನ್ನೂ ಚಿಕ್ಕದು: “ಈಗಿನ ಸಿನಿಮಾಗಳೆಲ್ಲ ಹಾಳು.” ಇಷ್ಟು ಹೇಳಿ ಕೈತೊಳೆದುಕೊಂಡು ಬಿಡುತ್ತೇವೆ.

ಸಿನಿಮಾದ ಬಗ್ಗೆ ಅಭಿಪ್ರಾಯ ಹೇಳುವುದು ತಪ್ಪೇ? ಖಂಡಿತ ಅಲ್ಲ. ಆದರೆ ಅದನ್ನು ಸತ್ಯಕ್ಕೂ ಪ್ರೀತಿಗೂ ಒಪ್ಪುವಂತೆ ಹೇಳುವುದು ಹೇಗೆ? ಈ ವಾರ ಇದನ್ನು ಕುರಿತು ಯೋಚಿಸೋಣ.

ನನ್ನ ಮನೆಯಲ್ಲಿ ನಡೆದದ್ದು

ಕೆಲವು ವರ್ಷಗಳ ಹಿಂದೆ ಕಾಲೇಜಿಗೆ ಹೋಗುತ್ತಿದ್ದ ನನ್ನ ಮಗಳು ಗೆಳತಿಯರೊಂದಿಗೆ ಒಂದು ಸಿನಿಮಾ ನೋಡಿ ಬಂದಳು. ರಾತ್ರಿ ಊಟಕ್ಕೆ ಕುಳಿತಾಗ ಉತ್ಸಾಹದಿಂದ ಅದರ ಕಥೆ ಹೇಳತೊಡಗಿದಳು. ಆ ಚಿತ್ರದ ಬಗ್ಗೆ ನನಗೆ ಯಾರೋ ಏನೋ ಹೇಳಿದ್ದರು. ಆಕೆಯ ಮಾತನ್ನು ಅರ್ಧಕ್ಕೇ ತಡೆದು, “ಅಂಥ ಹಾಳು ಸಿನಿಮಾ ನೋಡೋಕೆ ನಿನಗೆ ನಾಚಿಕೆ ಆಗಲ್ವಾ?” ಎಂದೆ. ಆಕೆ ನನ್ನ ಮುಖ ನೋಡಿ, “ಅಪ್ಪಾ, ನೀವು ನೋಡಿದ್ದೀರಾ?” ಎಂದಳು. “ನೋಡಬೇಕಾಗಿಲ್ಲ” ಎಂದೆ.

ಆಕೆ ಎದುರು ಮಾತಾಡಲಿಲ್ಲ. ಸುಮ್ಮನೆ ಊಟ ಮುಗಿಸಿ ಎದ್ದು ಹೋದಳು. ಆಮೇಲೆ ತಿಂಗಳುಗಟ್ಟಲೆ ತಾನು ಯಾವ ಸಿನಿಮಾ ನೋಡಿದೆ ಎಂದು ನನಗೆ ಹೇಳಲೇ ಇಲ್ಲ. ನೋಡುವುದನ್ನು ನಿಲ್ಲಿಸಿರಲಿಲ್ಲ, ನನಗೆ ಹೇಳುವುದನ್ನು ಮಾತ್ರ ನಿಲ್ಲಿಸಿದ್ದಳು. ನಾನು ಗೆದ್ದೆ ಎಂದುಕೊಂಡ ಆ ರಾತ್ರಿ ನಿಜವಾಗಿ ಏನನ್ನು ಕಳೆದುಕೊಂಡೆ ಎಂಬುದು ತಡವಾಗಿ ಅರ್ಥವಾಯಿತು.

ಸಂತ ಯೊವಾನ್ನರ ಶುಭಸಂದೇಶದ ಮೊದಲ ಅಧ್ಯಾಯದಲ್ಲಿ ನತಾನಿಯೇಲನೂ ಹೀಗೆಯೇ ದುಡುಕುತ್ತಾನೆ. ನಜರೇತಿನಿಂದ ಒಳ್ಳೆಯದು ಬರಲು ಸಾಧ್ಯವೇ ಎಂದು ನೋಡುವ ಮೊದಲೇ ಕೇಳಿಬಿಡುತ್ತಾನೆ. ಫಿಲಿಪ್ಪನು ವಾದಕ್ಕೆ ಇಳಿಯುವುದಿಲ್ಲ, ಬಂದು ನೋಡುವಂತೆ ಕರೆಯುತ್ತಾನೆ ಅಷ್ಟೇ. ನತಾನಿಯೇಲನ ದೊಡ್ಡತನವೆಂದರೆ ಅವನು ಎದ್ದು ಹೋದ, ನೋಡಿದ, ತನ್ನ ಮಾತನ್ನು ಬದಲಿಸಿಕೊಂಡ. ಸಾಕಷ್ಟು ಆಧಾರವಿಲ್ಲದೆ ಇನ್ನೊಬ್ಬರ ಮೇಲೆ ತಪ್ಪು ಹೊರಿಸುವ ದುಡುಕಿನ ತೀರ್ಪನ್ನು ನಮ್ಮ ಧರ್ಮೋಪದೇಶ ಗ್ರಂಥ ಎಂಟನೆಯ ಕಟ್ಟಳೆಯ ವಿವರಣೆಯಲ್ಲೇ ಇರಿಸಿದೆ. ಒಂದು ಚಿತ್ರದ ಹಿಂದೆಯೂ ಹೆಸರು, ಮಾನ, ಬದುಕು ಉಳ್ಳ ಮನುಷ್ಯರಿದ್ದಾರೆ ಎಂಬುದನ್ನು ನಾವು ಮರೆಯಬಾರದು.

ಧರ್ಮಸಭೆ ಏನು ಹೇಳಿದೆ?

ಧರ್ಮಸಭೆಗೂ ಸಿನಿಮಾಕ್ಕೂ ದೂರ ಎಂದು ಹಲವರು ತಿಳಿದಿದ್ದಾರೆ. ಇದು ಸರಿಯಲ್ಲ. ಸಿನಿಮಾ ಕ್ಷೇತ್ರಕ್ಕಾಗಿ ಅಂತರರಾಷ್ಟ್ರೀಯ ಕಥೋಲಿಕ ಸಂಘಟನೆಯೊಂದು 1928ರಷ್ಟು ಹಿಂದೆಯೇ ಹುಟ್ಟಿತು. 2001ರಲ್ಲಿ ಅದು ರೇಡಿಯೋ–ದೂರದರ್ಶನದ ಕಥೋಲಿಕ ಸಂಘಟನೆಯೊಂದಿಗೆ ಸೇರಿ ‘ಸಿಗ್ನಿಸ್’ ಎಂಬ ಹೆಸರು ಪಡೆಯಿತು. ಜಗದ್ಗುರು ಹನ್ನೊಂದನೆಯ ಪಿಯುಸರು 1936ರ ವಿಶ್ವಪತ್ರದಲ್ಲಿ ಕೆಟ್ಟ ಚಿತ್ರಗಳ ಅಪಾಯವನ್ನು ಎಚ್ಚರಿಸಿದರು. ಭಕ್ತಜನರಿಗೆ ಚಿತ್ರಗಳನ್ನು ವಿಂಗಡಿಸಿ ತಿಳಿಸುವ ಕಚೇರಿ ಪ್ರತಿ ದೇಶದಲ್ಲೂ ಇರಬೇಕೆಂದರು. ಹನ್ನೆರಡನೆಯ ಪಿಯುಸರು 1957ರಲ್ಲಿ ಸಿನಿಮಾ, ರೇಡಿಯೋ, ಟೆಲಿವಿಷನ್ ಮೂರನ್ನೂ ಕುರಿತು ಬರೆದರು. ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಹೊರಡಿಸಿದ ಸಂಪರ್ಕ ಮಾಧ್ಯಮಗಳ ಆಜ್ಞಾಪತ್ರದಲ್ಲಿ ನೋಡುಗರ ಹೊಣೆಯನ್ನು ಎತ್ತಿ ಹೇಳಿತು. ಆರಿಸಿ ನೋಡುವುದು, ಬಲ್ಲವರ ಅಭಿಪ್ರಾಯವನ್ನು ಮೊದಲೇ ತಿಳಿದುಕೊಳ್ಳುವುದು, ಮಕ್ಕಳನ್ನು ಕಾಯುವುದು ನಮ್ಮ ಕರ್ತವ್ಯಗಳು.

1995ರಲ್ಲಿ ಸಿನಿಮಾಕ್ಕೆ ನೂರು ವರ್ಷ ತುಂಬಿದ ಸಂದರ್ಭದಲ್ಲಿ ವ್ಯಾಟಿಕನ್ 45 ಚಿತ್ರಗಳ ಪಟ್ಟಿಯೊಂದನ್ನು ಹೊರತಂದಿತು. ಧರ್ಮ, ಮೌಲ್ಯ, ಕಲೆ ಎಂಬ ಮೂರು ವಿಭಾಗಗಳು, ಒಂದೊಂದರಲ್ಲಿ 15 ಚಿತ್ರಗಳು. ‘ಬೆನ್ ಹರ್’ ಇದೆ, ‘ಗಾಂಧಿ’ ಇದೆ. ಪಸೋಲಿನಿ ಸಂತ ಮತ್ತಾಯರ ಶುಭಸಂದೇಶವನ್ನು ಆಧರಿಸಿ 1964ರಲ್ಲಿ ತೆಗೆದ ಚಿತ್ರವೂ ಇದೆ. ಪಸೋಲಿನಿ ವಿಶ್ವಾಸಿಯಲ್ಲ, ಮಾರ್ಕ್ಸ್‌ವಾದಿ. ನಿರ್ದೇಶಕನ ಹೆಸರನ್ನು ಮಾತ್ರ ನೋಡಿ ತೀರ್ಪು ಕೊಟ್ಟಿದ್ದರೆ ಆ ಚಿತ್ರ ಈ ಪಟ್ಟಿಯಲ್ಲಿ ಇರುತ್ತಿತ್ತೇ?

ಪ್ರಮಾಣಪತ್ರ ಬೇರೆ, ಅಂಕ ಬೇರೆ

ನಮ್ಮ ದೇಶದಲ್ಲಿ ಚಿತ್ರಮಂದಿರಕ್ಕೆ ಬರುವ ಚಿತ್ರಗಳಿಗೆ 1952ರ ಕಾನೂನಿನಡಿ ಪ್ರಮಾಣಪತ್ರ ನೀಡುತ್ತಾರೆ. ‘ಯು’ ಎಂದರೆ ಎಲ್ಲರಿಗೂ, ‘ಎ’ ಎಂದರೆ ವಯಸ್ಕರಿಗೆ ಮಾತ್ರ. ಇವೆರಡರ ನಡುವಿನ ‘ಯುಎ’ 1983ರಲ್ಲಿ ಬಂತು. 2023ರ ತಿದ್ದುಪಡಿ ಅದನ್ನು 7, 13 ಮತ್ತು 16 ವರ್ಷ ಮೇಲ್ಪಟ್ಟವರಿಗೆ ಎಂದು ಮೂರಾಗಿ ವಿಂಗಡಿಸಿತು. ಮೊಬೈಲಿನಲ್ಲಿ, ಓಟಿಟಿಯಲ್ಲಿ ನೋಡುವ ಚಿತ್ರಗಳಿಗೂ 2021ರ ನಿಯಮಗಳ ಪ್ರಕಾರ ಇಂಥದೇ ವಯಸ್ಸಿನ ಗುರುತು ಇರಬೇಕು. ಮಕ್ಕಳ ಕೈಗೆ ಕೊಡುವ ಮುನ್ನ ಅದನ್ನು ನೋಡಿ.

ಆದರೆ ಈ ಗುರುತು ಹೇಳುವುದು ಇಷ್ಟೇ: ಯಾವ ವಯಸ್ಸಿನವರು ನೋಡಬಹುದು. ಚಿತ್ರ ಒಳ್ಳೆಯದೋ ಅಲ್ಲವೋ ಎಂದು ಅದು ಹೇಳುವುದಿಲ್ಲ. ‘ಯು’ ಪಡೆದ ಚಿತ್ರವೊಂದು ಬಡವರನ್ನು, ಕಪ್ಪು ಬಣ್ಣದವರನ್ನು, ಹೆಂಗಸರನ್ನು ನಗೆಪಾಟಲು ಮಾಡಿರಬಹುದು. ಆ ಭಾಗದ ತೀರ್ಪು ನಮ್ಮ ಮನಸ್ಸಾಕ್ಷಿಗೆ ಬಿಟ್ಟದ್ದು.

ನಾವು ನೋಡಿದ ಮೂರು ಚಿತ್ರಗಳು

ಈಚೆಗೆ ನಮ್ಮ ಮನೆಯಲ್ಲಿ ಮೂರು ಭಾನುವಾರ ಸಂಜೆ ಮೂರು ಹಳೆಯ ಚಿತ್ರಗಳನ್ನು ಒಟ್ಟಿಗೆ ನೋಡಿದೆವು. ನೋಡಿದ ಮೇಲೆ ಪ್ರತಿಯೊಬ್ಬರೂ ಒಂದು ಚೀಟಿಯಲ್ಲಿ ಹತ್ತಕ್ಕೆ ಇಷ್ಟು ಎಂದು ಬರೆದು, ಆಮೇಲೆ ಕಾರಣ ಹೇಳಬೇಕು. ಇದು ನಾವು ಮಾಡಿಕೊಂಡ ನಿಯಮ.

ಮೊದಲನೆಯದು 1985ರ ‘ಬೆಟ್ಟದ ಹೂವು’. ಎನ್. ಲಕ್ಷ್ಮೀನಾರಾಯಣ್ ನಿರ್ದೇಶನ, ಪುನೀತ್ ಅವರಿಗೆ ಬಾಲನಟ ರಾಷ್ಟ್ರಪ್ರಶಸ್ತಿ ತಂದ ಚಿತ್ರ. ಬಡ ಹುಡುಗ ರಾಮು ಬೆಟ್ಟದಿಂದ ಹೂಗಳನ್ನು ತಂದು ಮಾರಿ, ‘ಶ್ರೀ ರಾಮಾಯಣ ದರ್ಶನಂ’ ಪುಸ್ತಕ ಕೊಳ್ಳಲು ಕಾಸಿಗೆ ಕಾಸು ಕೂಡಿಸುತ್ತಾನೆ. ಕೊನೆಗೆ ಚಳಿಯಲ್ಲಿ ನಡುಗುವ ಮನೆಯವರಿಗಾಗಿ ಆ ಹಣದಲ್ಲಿ ಕಂಬಳಿ ಕೊಳ್ಳುತ್ತಾನೆ. ತಂಗಿಯ ಹತ್ತು ವರ್ಷದ ಮಗ ಕೊಟ್ಟದ್ದು ನಾಲ್ಕು. “ಪಾಪ, ಅವನಿಗೆ ಪುಸ್ತಕ ಸಿಗಲೇ ಇಲ್ಲ” ಎಂದು ಅವನ ಕಾರಣ. ನನ್ನ ತಾಯಿ ಹತ್ತಕ್ಕೆ ಹತ್ತು ಕೊಟ್ಟು, “ಪುಸ್ತಕದಲ್ಲಿ ಇದ್ದದ್ದನ್ನ ಆ ಮಗು ಓದದೇನೇ ಮಾಡಿಬಿಟ್ತು” ಎಂದರು. ಹುಡುಗ ಸ್ವಲ್ಪ ಹೊತ್ತು ಯೋಚಿಸಿದ. ನಾಲ್ಕನ್ನು ಹೊಡೆದು ಏಳು ಮಾಡಿದ. ಹತ್ತು ಮಾತ್ರ ಕೊಡಲಿಲ್ಲ! ಪುಸ್ತಕಕ್ಕಾಗಿ ಮರುಗುವ ಆ ಮೂರು ಅಂಕಗಳು ಅವನ ಪ್ರಾಮಾಣಿಕತೆ. ನಾವು ಅದನ್ನು ತಿದ್ದಲು ಹೋಗಲಿಲ್ಲ.

ಎರಡನೆಯದು ಡಿ ಸಿಕಾ ಅವರ ‘ಬೈಸಿಕಲ್ ಥೀವ್ಸ್’ (1948). ಯುದ್ಧ ಮುಗಿದ ರೋಮ್ ನಗರ. ಗೋಡೆಗೆ ಪೋಸ್ಟರ್ ಅಂಟಿಸುವ ಕೆಲಸಕ್ಕೆ ಸೈಕಲ್ ಬೇಕು. ಹೆಂಡತಿ ಹಾಸಿಗೆಯ ದುಪ್ಪಟಿಗಳನ್ನೇ ಅಡವಿಟ್ಟು ಸೈಕಲ್ ಬಿಡಿಸಿಕೊಡುತ್ತಾಳೆ. ಮೊದಲ ದಿನವೇ ಅದು ಕಳುವಾಗುತ್ತದೆ. ಪುಟ್ಟ ಮಗನೊಂದಿಗೆ ಊರೆಲ್ಲ ಹುಡುಕಿ ಸೋತ ತಂದೆ ಕೊನೆಗೆ ತಾನೇ ಇನ್ನೊಬ್ಬರ ಸೈಕಲ್ ಕದಿಯಲು ಹೋಗಿ, ಮಗನ ಕಣ್ಣೆದುರೇ ಸಿಕ್ಕಿಬೀಳುತ್ತಾನೆ. ಸೈಕಲಿನ ಒಡೆಯ ಅವನನ್ನು ಬಿಟ್ಟುಬಿಡುತ್ತಾನೆ. ಮಗ ತಂದೆಯ ಕೈ ಹಿಡಿಯುತ್ತಾನೆ. “ಇದು ಏಳನೆಯ ಕಟ್ಟಳೆಗೆ ವಿರುದ್ಧ ಅಲ್ವಾ, ಕದ್ದವನಿಗೆ ಶಿಕ್ಷೆಯೇ ಇಲ್ಲ” ಎಂದು ನನ್ನ ಮಗ ಕೇಳಿದ. ಒಳ್ಳೆಯ ಪ್ರಶ್ನೆ. ಪಾಪವನ್ನು ತೋರಿಸುವುದು ಬೇರೆ, ಪಾಪವನ್ನು ಮೆಚ್ಚುವುದು ಬೇರೆ. ಪವಿತ್ರ ಬೈಬಲ್ ದಾವೀದನ ವ್ಯಭಿಚಾರವನ್ನೂ ಕೊಲೆಯನ್ನೂ ಮುಚ್ಚಿಡುವುದಿಲ್ಲ. ಆದರೆ ಅದನ್ನು ಹೊಗಳುವುದೂ ಇಲ್ಲ. ಈ ಚಿತ್ರದಲ್ಲಿ ತಂದೆಯ ಮುಖದ ಅವಮಾನಕ್ಕಿಂತ ದೊಡ್ಡ ಶಿಕ್ಷೆ ಯಾವುದಿದೆ? ಮಗ ಒಂಬತ್ತು ಕೊಟ್ಟ, ನಾನೂ ಒಂಬತ್ತೇ.

ಮೂರನೆಯದು ಡೆನ್ಮಾರ್ಕಿನ ‘ಬಾಬೆಟ್ಸ್ ಫೀಸ್ಟ್’ (1987). ಜಗದ್ಗುರು ಫ್ರಾನ್ಸಿಸರು 2016ರಲ್ಲಿ ಕುಟುಂಬ ಪ್ರೀತಿಯ ಬಗ್ಗೆ ಬರೆದ ಪ್ರೇರಣಾ ಪತ್ರದಲ್ಲಿ ಇದನ್ನು ನೆನೆದಿದ್ದಾರೆ. ದೇಶ ಬಿಟ್ಟು ಬಂದು ಅಡುಗೆ ಕೆಲಸಕ್ಕೆ ನಿಂತ ಬಾಬೆಟ್, ಲಾಟರಿಯಲ್ಲಿ ಬಂದ ಹತ್ತು ಸಾವಿರ ಫ್ರಾಂಕುಗಳನ್ನೂ ಒಂದೇ ಊಟಕ್ಕೆ ಸುರಿಯುತ್ತಾಳೆ. ಹಳೆಯ ಜಗಳಗಳಿಂದ ಮನಸ್ಸು ಕೆಡಿಸಿಕೊಂಡಿದ್ದ ಜನ ಆ ಊಟದ ಮೇಜಿನಲ್ಲಿ ಒಂದಾಗುತ್ತಾರೆ. ನಾನು ನಡುವೆ ತೂಕಡಿಸಿದೆನಾದ್ದರಿಂದ ಆರು ಕೊಟ್ಟೆ. ನನ್ನ ಮನೆಯವರು ಒಂಬತ್ತೂವರೆ ಕೊಟ್ಟು, “ಬಡಿಸಿಕೊಂಡು ತಿನ್ನೋರಿಗೆ ನಿದ್ದೆ ಬರುತ್ತೆ. ಅಡುಗೆಮನೇಲಿ ನಿಂತೋರಿಗೆ ಬರಲ್ಲ” ಎಂದರು. ಎಲ್ಲರೂ ನಕ್ಕರು. ನನಗೆ ಮಾತ್ರ ಆ ಮಾತು ಸಿನಿಮಾದ ಬಗ್ಗೆ ಅಲ್ಲ ಅನ್ನಿಸಿತು. ಅಂದಿನ ರಾತ್ರಿಯ ಪಾತ್ರೆಗಳನ್ನು ನಾನೇ ತೊಳೆದೆ.

ಕಥೆ ನಮಗೂ ಅಂಕ ಕೊಡುತ್ತದೆ

ಪ್ರವಾದಿ ನಾತಾನನು ದಾವೀದನ ಬಳಿಗೆ ಬಂದಾಗ ಒಂದು ಕಥೆ ಹೇಳಿದ. ಹಲವು ಕುರಿಗಳಿದ್ದ ಶ್ರೀಮಂತನೊಬ್ಬ ಬಡವನ ಒಂದೇ ಒಂದು ಕುರಿಮರಿಯನ್ನು ಕಿತ್ತುಕೊಂಡ ಕಥೆ. ದಾವೀದ ಸಿಟ್ಟಿನಿಂದ ತೀರ್ಪು ಕೊಟ್ಟ. ಆಗ ನಾತಾನನು ಆ ಶ್ರೀಮಂತ ಬೇರೆ ಯಾರೂ ಅಲ್ಲ, ನೀನೇ ಎಂದು ತೋರಿಸಿಕೊಟ್ಟ (2 ಸಮುವೇಲ 12). ಒಳ್ಳೆಯ ಕಥೆಯ ಕೆಲಸ ಇದೇ. ನಾವು ಅದಕ್ಕೆ ಅಂಕ ಹಾಕುತ್ತಿರುವಾಗ ಅದು ನಮ್ಮನ್ನು ತೂಗುತ್ತಿರುತ್ತದೆ. ಆದ್ದರಿಂದ ಅಂಕ ಬರೆಯುವ ಮುನ್ನ ಈ ಪ್ರಶ್ನೆಗಳನ್ನು ಕೇಳಿಕೊಳ್ಳಿ:

1. ಇದನ್ನು ನಾನು ಪೂರ್ತಿ ನೋಡಿದ್ದೇನೆಯೇ? ನೋಡಿಲ್ಲವಾದರೆ “ಕೇಳಿದ್ದು ಇಷ್ಟು” ಎಂದು ಪ್ರಾಮಾಣಿಕವಾಗಿ ಹೇಳುತ್ತೇನೆಯೇ?
2. ಕೆಟ್ಟದ್ದನ್ನು ಕೆಟ್ಟದ್ದೆಂದು ತೋರಿಸಿದ್ದಾರೆಯೇ, ಆಸೆ ಹುಟ್ಟಿಸುವಂತೆ ತೋರಿಸಿದ್ದಾರೆಯೇ?
3. ಬಡವರು, ಹೆಂಗಸರು, ಅನ್ಯ ಧರ್ಮದವರು ಇದರಲ್ಲಿ ಮನುಷ್ಯರಾಗಿ ಕಾಣುತ್ತಾರೆಯೇ?
4. ಕೆಲಸ ಚೆನ್ನಾಗಿದೆಯೇ? ಸದುದ್ದೇಶದ ಚಿತ್ರವೆಂದು ಕೆಟ್ಟ ಕೆಲಸಕ್ಕೆ ಹೆಚ್ಚು ಅಂಕ ಕೊಡಬೇಕಾಗಿಲ್ಲ.
5. ನೋಡಿದ ಮೇಲೆ ನನ್ನಲ್ಲಿ ಏನು ಉಳಿಯಿತು? ಯಾರ ಬಗೆಗಾದರೂ ಕರುಣೆ ಹೆಚ್ಚಿತೇ?

ಸಂತ ಪೌಲರು ಥೆಸಲೋನಿಕದವರಿಗೆ ಹೇಳಿದ್ದೂ ಇದನ್ನೇ: ಎಲ್ಲವನ್ನೂ ಪರೀಕ್ಷಿಸುವುದು, ಒಳ್ಳೆಯದನ್ನು ಬಿಡದೆ ಹಿಡಿಯುವುದು. ಹಾಗೆಂದು ಕೆಸರಿನ ಆಳ ತಿಳಿಯಲು ಅದರಲ್ಲಿ ಮುಳುಗಬೇಕಾಗಿಲ್ಲ. ಅಶ್ಲೀಲವೆಂದು ನಂಬಿಕೆಗೆ ಅರ್ಹರಾದವರು ತಿಳಿಸಿದ ಚಿತ್ರವನ್ನು ದೂರವಿಡುವುದು ದುಡುಕಲ್ಲ, ವಿವೇಕ. ನೋಡುತ್ತಿರುವಾಗಲೇ ಮನಸ್ಸು ಕೆಡುತ್ತಿದೆ ಎನ್ನಿಸಿದರೆ ಎದ್ದು ಹೋಗುವ ಧೈರ್ಯವೂ ಇರಲಿ.

ಮೊದಲು ಕೇಳಿ, ಆಮೇಲೆ ಹೇಳಿ

ಮಗಳ ವಿಷಯಕ್ಕೆ ಮರಳುತ್ತೇನೆ. ಒಂದು ತಪಸ್ಸುಕಾಲದಲ್ಲಿ ಪಾಪನಿವೇದನೆಗೆ ಸಿದ್ಧನಾಗುತ್ತಿದ್ದಾಗ ಆ ರಾತ್ರಿಯ ಊಟ ನೆನಪಾಯಿತು. ಮನೆಗೆ ಬಂದು ಆಕೆಯ ಬಳಿ ಕುಳಿತು, “ಅವತ್ತು ನೀನು ಹೇಳ್ತಿದ್ದ ಕಥೆ ಪೂರ್ತಿ ಕೇಳಲಿಲ್ಲ. ತಪ್ಪು ನನ್ನದು. ಈಗ ಹೇಳ್ತೀಯಾ?” ಎಂದೆ. ಮೊದಲು ಅನುಮಾನದಿಂದ ನೋಡಿದಳು. ಆಮೇಲೆ ಹೇಳಿದಳು. ಮುಗಿಸಿ, “ಅದರಲ್ಲಿ ನನಗೂ ಹಿಡಿಸದ ಭಾಗ ಇತ್ತಪ್ಪಾ. ನಿಮ್ಮ ಹತ್ರ ಕೇಳಬೇಕು ಅಂತಲೇ ಅವತ್ತು ಶುರು ಮಾಡಿದ್ದು” ಎಂದಳು.

ಪ್ರಿಯ ತಂದೆತಾಯಂದಿರೇ, ನಮ್ಮ ಮಕ್ಕಳು ಸಿನಿಮಾ ಕಥೆ ಹೇಳುವಾಗ ಅದರ ನಡುವೆ ತಮ್ಮ ಪ್ರಶ್ನೆಯನ್ನೂ ಇಟ್ಟಿರುತ್ತಾರೆ. ನಾವು ಬೇಗ ತೀರ್ಪು ಕೊಟ್ಟರೆ ಆ ಪ್ರಶ್ನೆಗೆ ಉತ್ತರ ಬೇರೆ ಕಡೆ ಹುಡುಕುತ್ತಾರೆ. ಮನೆಯಲ್ಲಿ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಪರದೆ ಇರುವ ಕಾಲ ಇದು. ತಿಂಗಳಿಗೆ ಒಂದು ಸಂಜೆಯಾದರೂ ಜಪಸರದ ನಂತರ ಒಂದೇ ಪರದೆಯ ಮುಂದೆ ಎಲ್ಲರೂ ಕೂಡಿ ಕೂರಲು ಸಾಧ್ಯವಿಲ್ಲವೇ?

ಕುಟುಂಬದಲ್ಲಿ ಚರ್ಚಿಸಲು

• ನಾವು ಕೊನೆಯದಾಗಿ ಒಟ್ಟಿಗೆ ನೋಡಿದ ಚಿತ್ರ ಯಾವುದು? ಪ್ರತಿಯೊಬ್ಬರೂ ಎಷ್ಟು ಅಂಕ ಕೊಡುತ್ತೀರಿ, ಏಕೆ?
• ನೋಡದೆಯೇ ಖಂಡಿಸಿದ ಅಥವಾ ಹೊಗಳಿದ ಚಿತ್ರ ಇದೆಯೇ?
• ಯಾವ ಚಿತ್ರ ನಿಮ್ಮ ನಡತೆಯಲ್ಲಿ ಒಂದು ಚಿಕ್ಕ ಬದಲಾವಣೆಯನ್ನಾದರೂ ತಂದಿದೆ?

ಈ ವಾರದ ನಿರ್ಧಾರ: ಮಗನೋ ಮಗಳೋ ಸಿನಿಮಾದ ಮಾತೆತ್ತಿದಾಗ ನಡುವೆ ಬಾಯಿ ಹಾಕದೆ ಕೊನೆಯವರೆಗೂ ಕೇಳುತ್ತೇನೆ.