ವಿಶ್ವಕೋಶವೂ ಸೋತ ವಾದವೂ

ವಿಶ್ವಕೋಶವು ಪಕ್ಷಪಾತವಿಲ್ಲದೆ ಬರೆಯಲ್ಪಡತಕ್ಕದ್ದೆಂದು ಎಲ್ಲರೂ ಒಪ್ಪುವರು. ಆದರೆ ಪಂಡಿತರು ತಳ್ಳಿಬಿಟ್ಟ ವಾದವೊಂದನ್ನು ಅದರಲ್ಲಿ ಹೇಗೆ ಬರೆಯಬೇಕು? ಬಿಟ್ಟುಬಿಟ್ಟರೆ ಇತಿಹಾಸಕ್ಕೆ ಲೋಪ. ಸರಿಸಮನಾಗಿ ಕೂರಿಸಿದರೆ ಸತ್ಯಕ್ಕೆ ಲೋಪ. ಈ ಸಂದಿಗ್ಧವನ್ನು ಕಾಲರಾ ರೋಗದ ನಿದರ್ಶನದಿಂದ ವಿಚಾರಿಸೋಣ.

ಹತ್ತೊಂಬತ್ತನೆಯ ಶತಮಾನದ ನಡುವೆ ಯೂರೋಪಿನ ವೈದ್ಯರಲ್ಲಿ ಬಹುಮಂದಿ, ಕೊಳೆತ ಪದಾರ್ಥಗಳಿಂದೇಳುವ ಕೆಟ್ಟ ಗಾಳಿಯೇ ಕಾಲರಾಕ್ಕೆ ಕಾರಣವೆಂದು ನಂಬಿದ್ದರು. 1854ರಲ್ಲಿ ಲಂಡನಿನ ವೈದ್ಯನಾದ ಜಾನ್ ಸ್ನೋ ಎಂಬವನು, ಬ್ರಾಡ್ ಬೀದಿಯ ಸುತ್ತಮುತ್ತ ಸತ್ತವರ ವಿಷಯವನ್ನು ವಿಚಾರಿಸಿ, ಅವರಲ್ಲಿ ಹೆಚ್ಚಿನವರು ಒಂದೇ ಪಂಪಿನ ನೀರನ್ನು ಕುಡಿದವರೆಂದು ತೋರಿಸಿದನು. ಆಗ ಅವನದೇ ಅಲ್ಪಸಂಖ್ಯಾತರ ಪಕ್ಷ. 1884ರಲ್ಲಿ ರಾಬರ್ಟ್ ಕಾಕ್ ಎಂಬವನು ಕಲ್ಕತ್ತೆಯಲ್ಲಿ ರೋಗಾಣುವನ್ನೇ ಬೇರ್ಪಡಿಸಿದ ಮೇಲೆ ತಕ್ಕಡಿ ವಾಲಲಾರಂಭಿಸಿತು.

ಮ್ಯೂನಿಕ್ ನಗರದ ಪೆಟ್ಟೆನ್‌ಕೋಫರನಾದರೋ ಒಪ್ಪಲಿಲ್ಲ. ರೋಗಾಣು ಒಂದೇ ಸಾಲದು, ನೆಲದ ಸ್ಥಿತಿಯೂ ಕೂಡಿಬಂದ ಹೊರತು ಕಾಲರಾ ಹರಡದೆಂಬದು ಅವನ ವಾದ. 1892ರಲ್ಲಿ ಅವನು ರೋಗಾಣುಗಳುಳ್ಳ ದ್ರವವನ್ನು ತಾನೇ ಕುಡಿದನು. ಸ್ವಲ್ಪ ಭೇದಿಯಾಯಿತಲ್ಲದೆ ಪ್ರಾಣಕ್ಕೆ ಅಪಾಯವಾಗಲಿಲ್ಲ. ಅದೇ ವರುಷ ಎಲ್ಬೆ ನದಿಯ ನೀರನ್ನು ಸೋಸದೆ ಕುಡಿದ ಹ್ಯಾಂಬರ್ಗಿನಲ್ಲಿ 8,000ಕ್ಕೂ ಹೆಚ್ಚು ಜನರು ಸತ್ತರು. ಮರಳಿನಲ್ಲಿ ಸೋಸಿ ಕುಡಿದ ನೆರೆಯ ಆಲ್ಟೋನಾ ಬಹುಮಟ್ಟಿಗೆ ಉಳಿಯಿತು.

ಈಗ ವಿಶ್ವಕೋಶಕಾರನು ಏನು ಮಾಡತಕ್ಕದ್ದು? ಮೊದಲು, ಪೆಟ್ಟೆನ್‌ಕೋಫರನು ಓದಿದರೆ "ಹೌದು, ನನ್ನ ವಾದವಿದೇ" ಎನ್ನುವಂತೆ ಅದನ್ನು ಹೇಳಬೇಕು. ಅದಕ್ಕಿದ್ದ ಆಧಾರಗಳನ್ನು ಕೊಡಬೇಕು. ಮ್ಯೂನಿಕ್ಕಿನ ಚರಂಡಿಗಳಿಗೂ ಶುದ್ಧಜಲಕ್ಕೂ ಅವನು ಪಟ್ಟ ಶ್ರಮವನ್ನು ಮರೆಮಾಡಬಾರದು. ಕೊನೆಗೆ, ಯಾವ ಸಾಕ್ಷ್ಯದಿಂದ ಆ ವಾದವು ಬಿತ್ತೆಂಬದನ್ನು ಹಾಸ್ಯದ ನುಡಿಯಿಲ್ಲದೆ ಸ್ಪಷ್ಟವಾಗಿ ತಿಳಿಸಬೇಕು. ಸ್ಥಳವನ್ನೂ ಅಳೆದು ಕೊಡಬೇಕು: ಅವನ ಚರಿತ್ರೆಯಲ್ಲಿ ಪುಟವೊಂದು ಸಲ್ಲುವದು, ಕಾಲರಾ ಎಂಬ ಲೇಖನದಲ್ಲಿ ಎರಡು ವಾಕ್ಯಗಳು ಸಾಕು.

ಈ ಅಳತೆ ತಪ್ಪಿದರೆ ಆಗುವ ಹಾನಿ ಸಣ್ಣದಲ್ಲ. 1998ರಲ್ಲಿ ಲಂಡನಿನ ವೈದ್ಯಪತ್ರಿಕೆಯೊಂದರಲ್ಲಿ, ಕೇವಲ 12 ಮಕ್ಕಳನ್ನು ಕುರಿತ ಲೇಖನವೊಂದು, ದಡಾರ ಮೊದಲಾದವುಗಳ ಲಸಿಕೆಗೂ ಆಟಿಸಂ ಎಂಬ ಸ್ಥಿತಿಗೂ ಸಂಬಂಧವಿರಬಹುದೆಂದು ಸೂಚಿಸಿತು. ಲಕ್ಷಾಂತರ ಮಕ್ಕಳನ್ನು ಪರೀಕ್ಷಿಸಿದ ಶೋಧನೆಗಳಲ್ಲಿ ಅಂಥ ಸಂಬಂಧ ಕಾಣಲಿಲ್ಲ. 2010ರಲ್ಲಿ ಪತ್ರಿಕೆಯೇ ಆ ಲೇಖನವನ್ನು ಹಿಂತೆಗೆದುಕೊಂಡಿತು. ಇದನ್ನು "ಕೆಲವರು ಹೀಗೆನ್ನುವರು, ಕೆಲವರು ಹಾಗೆನ್ನುವರು" ಎಂದು ಬರೆದರೆ ಸಮದೃಷ್ಟಿಯಂತೆ ತೋರುವದು. ಆದರೆ ಅದನ್ನೋದಿದ ತಾಯಿಯು ಮಗುವಿಗೆ ಲಸಿಕೆ ಹಾಕಿಸದೆ ಹೋದರೆ ದಡಾರವು ಆ ಮಗುವಿಗೇ ಬರಬಹುದು.

ಆದರೂ ಇಂದಿನ ಅಲ್ಪಮತವು ನಾಳೆ ಗೆಲ್ಲಬಾರದೆಂದಿಲ್ಲ. 1855ರ ಪ್ರಾಮಾಣಿಕ ಗ್ರಂಥವೊಂದು ಸ್ನೋವಿನ ಮಾತನ್ನು ಕೆಲವರ ಮತವೆಂದೇ ಹೇಳಿ, ಅವನ ಸಾಕ್ಷ್ಯವನ್ನು ಜೊತೆಗಿಟ್ಟಿದ್ದರೆ, ಓದಿದ ಗೃಹಿಣಿಯು ಕುಡಿಯುವ ನೀರಿನ ವಿಷಯದಲ್ಲಿ ಎಚ್ಚರಪಡುತ್ತಿದ್ದಳು. ಆದಕಾರಣ ನಾವು ಯಾವ ಗ್ರಂಥವನ್ನು ತೆರೆದರೂ, ಇದನ್ನು ಹೇಳುವವರು ಯಾರು, ಆಧಾರವೇನು, ಬಲ್ಲವರಲ್ಲಿ ಎಷ್ಟು ಮಂದಿ ಒಪ್ಪಿದ್ದಾರೆ ಎಂಬ ಮೂರು ಪ್ರಶ್ನೆಗಳನ್ನು ಕೇಳುವ ಅಭ್ಯಾಸವನ್ನು ನಮ್ಮ ಮಕ್ಕಳಿಗೆ ಕಲಿಸೋಣ.