ಬಲೆಗೆ ಬಿದ್ದ ಪುಟ್ಟ ಬೊಂಡಾಸ್: ಗುರುತಿಸುವುದು ಹೇಗೆ?

ಹೊಸಹೊಳಲಿನ ಗದ್ದೆ ಬದುವಿನ ಬಸವನಹುಳುವಿಗೆ ಕರಾವಳಿಯ ಬೊಂಡಾಸ್ ದೂರದ ನಂಟ, ಎರಡೂ ಮೃದ್ವಂಗಿಗಳೇ. ಮಂಗಳೂರು, ಮಲ್ಪೆಗಳಲ್ಲಿ ಬಲೆಗೆ ಬೀಳುವ ಅಪರಿಚಿತ ಮರಿಯನ್ನು ಬಣ್ಣ ನೋಡಿ ಗುರುತಿಸಲಾಗದು. ಅದು ಕ್ಷಣಕ್ಷಣಕ್ಕೂ ಬದಲಾಗುತ್ತದೆ. ತೋಳುಗಳನ್ನು ಎಣಿಸಬೇಕು. ಎಂಟೇ ಇದ್ದರೆ ಅಷ್ಟಪದಿ. ಜೊತೆಗೆ ಎರಡು ನೀಳ ಬಾಹುಗಳಿದ್ದರೆ ಸಾಮಾನ್ಯವಾಗಿ ಬೊಂಡಾಸ್ ಇಲ್ಲವೇ ಕಪ್ಪೆ ಬೊಂಡಾಸ್. ಸತ್ತದ್ದರ ಬೆನ್ನು ಸೀಳಿದರೆ ಮೊದಲನೆಯದರಲ್ಲಿ ಗರಿಯಂತಹ ಪಾರದರ್ಶಕ ಪಟ್ಟಿ, ಎರಡನೆಯದರಲ್ಲಿ ಸುಣ್ಣದ ಬಿಳಿ ಚಿಪ್ಪು ಸಿಗುತ್ತದೆ. ಗ್ರಂಧಿಗೆ ಅಂಗಡಿಯ ‘ಸಮುದ್ರ ನೊರೆ’ ಈ ಚಿಪ್ಪೇ ಹೊರತು ನೊರೆಯಲ್ಲ.

ಅಂಗೈಯಗಲದ ಅಷ್ಟಪದಿಯ ಮೈಮೇಲೆ ನೀಲಿ ಉಂಗುರಗಳು ಕಂಡರೆ ಮುಟ್ಟಲೇಬಾರದು. ಹಿಂದೂ ಮಹಾಸಾಗರದಲ್ಲೂ ಇರುವ ಈ ಜಾತಿಯ ಕಡಿತ ಹೆಚ್ಚು ನೋಯದು, ಆದರೆ ವಿಷವು ಉಸಿರಾಟವನ್ನೇ ನಿಲ್ಲಿಸಬಲ್ಲದು. ಬೇಯಿಸಿದರೂ ವಿಷ ಹೋಗದು. ಇದಕ್ಕೆ ಪ್ರತಿವಿಷವಿಲ್ಲ, ಉಸಿರು ನಿಂತರೆ ಆಸ್ಪತ್ರೆ ತಲುಪುವವರೆಗೂ ಬಾಯಿಗೆ ಬಾಯಿಟ್ಟು ಉಸಿರು ಊದುತ್ತಿರಬೇಕು.