ಒಳಗೋಡೆಯ ಬಣ್ಣ ಏಕೆ ಕಳಚುತ್ತದೆ?

ಸೂಳಗಿರಿಯ ಸುತ್ತಿನ ಊರುಗಳಲ್ಲಿ ಸಂಕ್ರಾಂತಿಗೆ ಮುನ್ನ ಮನೆಯ ಗೋಡೆಗಳನ್ನು ಬಳಿಯುವ ವಾಡಿಕೆ ಹಳೆಯದು. ಹಬ್ಬ ಕಳೆದು ಕೆಲವು ತಿಂಗಳಾಗುವಷ್ಟರಲ್ಲಿ ಅನೇಕ ಮನೆಗಳಲ್ಲಿ ಆ ಬಣ್ಣ ಗುಳ್ಳೆಯೆದ್ದು, ಹಕ್ಕಳೆ ಹಕ್ಕಳೆಯಾಗಿ ಕಳಚಿ ಬೀಳುತ್ತದೆ. ಜನರು ಬಣ್ಣವನ್ನೋ ಬಳಿದವನನ್ನೋ ದೂರುತ್ತಾರೆ. ದೋಷವು ಬಹುಮಟ್ಟಿಗೆ ಗೋಡೆಯೊಳಗೇ ಇರುತ್ತದೆ. ವಿದ್ಯಾರ್ಥಿಗಳು ಇದನ್ನು ತಮ್ಮ ವಿಜ್ಞಾನಪಾಠದ ಬೆಳಕಿನಲ್ಲಿ ವಿಚಾರಿಸಲೆಂದೂ, ಪೋಷಕರಿಗೆ ವ್ಯರ್ಥವಾದ ಖರ್ಚು ತಪ್ಪಲೆಂದೂ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ಒಂದು ತಟ್ಟೆಯಲ್ಲಿ ಸ್ವಲ್ಪ ಮಸಿನೀರು ಹಾಕಿ, ಅದರಲ್ಲಿ ಸೀಮೆಸುಣ್ಣದ ಕಡ್ಡಿಯೊಂದನ್ನು ನಿಲ್ಲಿಸಿರಿ. ನೀರು ತಾನಾಗಿಯೇ ಮೇಲೇರುವುದು. ಇದೇ ಕೇಶಾಕರ್ಷಣ. ಇಟ್ಟಿಗೆ, ಮಣ್ಣು, ಗಾರೆಗಳಲ್ಲಿಯೂ ಕಣ್ಣಿಗೆ ಕಾಣದ ರಂಧ್ರಗಳಿರುವುದರಿಂದ ನೆಲದ ತೇವವು ಹೀಗೆಯೇ ಗೋಡೆಯನ್ನೇರುತ್ತದೆ. ನಮ್ಮ ಕಡೆಯ ಕಗ್ಗಲ್ಲು ತಾನು ನೀರನ್ನು ಅಷ್ಟಾಗಿ ಹೀರದಿದ್ದರೂ, ಕಲ್ಲುಗಳ ನಡುವಣ ಮಣ್ಣಿನ ಸಂದು ಹೀರದೆ ಬಿಡದು. ಏರಿದ ನೀರು ಲವಣಗಳನ್ನೂ ಕರಗಿಸಿ ತರುತ್ತದೆ. ನೀರು ಆರಿದಾಗ ಲವಣವು ಹರಳುಗಟ್ಟಿ ಮೇಲಿನ ಪದರವನ್ನು ಒಳಗಿನಿಂದ ನೂಕುತ್ತದೆ. ಗೋಡೆಯ ಬುಡದ ಬಿಳಿಯ ಹುಡಿಯೇ ಇದಕ್ಕೆ ಸಾಕ್ಷಿ.

ಹಾಗಾದರೆ ಹಿರಿಯರ ಸುಣ್ಣ ಹೇಗೆ ತಾಳುತ್ತಿತ್ತು? ಅರಳಿಸಿದ ಸುಣ್ಣವು ಗಾಳಿಯಲ್ಲಿನ ಇಂಗಾಲಾಮ್ಲವನ್ನು ಹೀರಿ, ಮರಳಿ ಸುಣ್ಣಕಲ್ಲಿನ ದ್ರವ್ಯವೇ ಆಗಿ ಗೋಡೆಗೆ ಕಚ್ಚಿಕೊಳ್ಳುತ್ತದೆ. ಆದರೂ ಒಳಗಿನ ಆವಿ ಹೊರಹೋಗಲು ದಾರಿಯಿರುತ್ತದೆ. ಎಣ್ಣೆಬಣ್ಣಗಳೂ ಅನೇಕ ಎಮಲ್ಷನ್ನುಗಳೂ ಪೊರೆಯಂತೆ ನಿಂತು ಆ ದಾರಿಯನ್ನು ತಡೆಯುತ್ತವೆ. ಈ ಸೀಮೆಗೆ ಮುಂಗಾರಲ್ಲದೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಹಿಂಗಾರು ಮಳೆಯೂ ಉಂಟು. ಜನವರಿಯ ಹಬ್ಬದ ವೇಳೆಗೆ ಗೋಡೆಯ ಹೊಟ್ಟೆಯಲ್ಲಿ ತೇವವು ಇನ್ನೂ ಉಳಿದಿರಬಹುದು. ಸುಣ್ಣವಾದರೆ ಸಹಿಸೀತು, ಪೊರೆಯ ಬಣ್ಣ ಸಹಿಸದು. ಹಬ್ಬಕ್ಕೆ ಸುಣ್ಣ, ಬಣ್ಣಕ್ಕೆ ಮಾರ್ಚಿ ಏಪ್ರಿಲಿನ ಬಿಸಿಲು ಎಂಬುದು ನಮ್ಮ ಅಭಿಪ್ರಾಯ.

ದುರಸ್ತಿಗೆ ಮೊದಲು ತೇವದ ಮೂಲವನ್ನು ಹುಡುಕಬೇಕು. ಅಂಗೈಯಗಲದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಒತ್ತಿ ನಾಲ್ಕು ಅಂಚುಗಳನ್ನೂ ಅಂಟಿಸಿ ಒಂದೆರಡು ದಿನ ಬಿಡಿರಿ. ಹಾಳೆಯ ಹಿಂಬದಿಯಲ್ಲಿ ಹನಿ ಕಂಡರೆ ತೇವವು ಗೋಡೆಯಿಂದ ಬರುತ್ತಿದೆ. ಮುಂಬದಿಯಲ್ಲಿ ಕಂಡರೆ ಕೋಣೆಯ ಗಾಳಿಯಿಂದ, ಅಂದರೆ ಅಡಿಗೆಯ ಹಬೆಯಿಂದಲೋ ಕಿಟಕಿ ತೆರೆಯದುದರಿಂದಲೋ ಬರುತ್ತಿದೆ. ಸೂರಿನ ನೀರು ಗೋಡೆಯ ಬುಡಕ್ಕೆ ಬೀಳುವುದು, ಬಚ್ಚಲ ಕೊಳವೆ ಒಸರುವುದು, ಹೊರಗಿನ ಮಣ್ಣು ಒಳನೆಲಕ್ಕಿಂತ ಎತ್ತರವಾಗಿರುವುದು ಸಾಮಾನ್ಯ ಕಾರಣಗಳು. ಮಣ್ಣಿನ ಹಳೆಯ ಗೋಡೆಗೆ ಸಿಮೆಂಟು ಮೆತ್ತಿ ತೇವವನ್ನು ಮುಚ್ಚಿಬಿಡುವವರಿದ್ದಾರೆ. ಅದು ಮತ್ತಷ್ಟು ಮೇಲೇರಿ ಇನ್ನೊಂದೆಡೆ ಹೊರಬೀಳುತ್ತದೆ.

ಬಣ್ಣ ಕೆರೆಯುವಾಗ ಪೋಷಕರು ಮುಖ್ಯವಾಗಿ ಗಮನಿಸಬೇಕಾದ ವಿಷಯವೊಂದಿದೆ. ಹತ್ತು ಲಕ್ಷ ಭಾಗಗಳಲ್ಲಿ 90ಕ್ಕಿಂತ ಹೆಚ್ಚು ಸೀಸವಿರುವ ಮನೆಬಣ್ಣವನ್ನು ತಯಾರಿಸಬಾರದೆಂಬ ನಿಯಮವು ನಮ್ಮ ದೇಶದಲ್ಲಿ ಜಾರಿಗೆ ಬಂದುದು 2017ರ ನವೆಂಬರ್ 1ರಿಂದ. ಅದಕ್ಕೂ ಹಿಂದಿನ ಎಣ್ಣೆಬಣ್ಣಗಳಲ್ಲಿ, ವಿಶೇಷವಾಗಿ ಎನಾಮಲುಗಳಲ್ಲಿ, ಸೀಸವು ಬಹಳವಾಗಿರಬಹುದು. ಅದರ ಧೂಳು ಎಳೆಯ ಮಕ್ಕಳ ಮಿದುಳಿನ ಬೆಳವಣಿಗೆಯನ್ನೇ ಕುಂದಿಸುತ್ತದೆ. ಹಾಗೆ ಆದ ನಷ್ಟವನ್ನು ಔಷಧದಿಂದ ಮರಳಿಸಲಾಗದು. ಆದಕಾರಣ ಹಳೆಯ ಬಣ್ಣವನ್ನು ಒಣಗಿದಂತೆಯೇ ಉಜ್ಜಬಾರದು, ಸುಡಲೂ ಬಾರದು. ನೀರು ಚಿಮುಕಿಸಿ ಕೆರೆದು, ಚೂರುಗಳನ್ನು ಚೀಲದಲ್ಲಿ ಕಟ್ಟಿ, ನೆಲವನ್ನು ಒದ್ದೆಬಟ್ಟೆಯಿಂದ ಒರಸಬೇಕು. ಆ ವೇಳೆ ಮಕ್ಕಳೂ ಗರ್ಭಿಣಿಯರೂ ಮನೆಯಲ್ಲಿರಬಾರದು.

ಲವಣದ ಹುಡಿಯನ್ನು ಮಾತ್ರ ಒಣಕುಂಚದಿಂದಲೇ ತೆಗೆಯಬೇಕು, ತೊಳೆದರೆ ಮತ್ತೆ ಗೋಡೆಯೊಳಗೇ ಇಂಗುವುದು. ಹಳೆಯ ಸುಣ್ಣವು ಕೈಗೆ ಹತ್ತುವಂತಿದ್ದರೆ ಅದರ ಮೇಲೆ ಎಮಲ್ಷನ್ ನಿಲ್ಲದು. ಗಟ್ಟಿಯಾದ ತಳ ಸಿಗುವವರೆಗೆ ಕೆರೆಯುವುದೇ ಸರಿ. ಗೋಡೆ ಚೆನ್ನಾಗಿ ಆರಿದ ಮೇಲೆ ಪುಟ್ಟಿ, ಪ್ರೈಮರ್, ಅನಂತರ ತೆಳುವಾದ ಎರಡು ಪದರ ಬಣ್ಣ. ಸುಣ್ಣವನ್ನೇ ಬಳಿಯುವವರು ಅದನ್ನು ಒಂದು ಹಗಲು ಒಂದು ರಾತ್ರಿ ನೀರಿನಲ್ಲಿ ಅರಳಲು ಬಿಟ್ಟು, ಬಟ್ಟೆಯಲ್ಲಿ ಸೋಸಿ, ಗೋಡೆಯನ್ನು ತುಸು ಒದ್ದೆಮಾಡಿ, ಹಾಲಿನಷ್ಟು ತೆಳ್ಳಗೆ ಮೂರು ಸಲ ಬಳಿಯಲಿ. ಅರಳುವ ಸುಣ್ಣದ ಬಳಿ ಮಕ್ಕಳು ಸುಳಿಯಕೂಡದು. ಅದು ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ.